ಪರಂಗಿ ಚಕ್ಕೆ

ಚೆನ್ನೈಯ ವೇಲಚೇರಿಯಲ್ಲಿ, ವಿಜಯನಗರ ಬಸ್ ನಿಲ್ದಾಣದ ಹತ್ತಿರ ಒಂದು ನಾಟು ಮರುಂದು ಕಡೈ ಇದೆ. ನಮ್ಮ ಕಡೆ ಗ್ರಂಥಿಗೆ ಅಂಗಡಿ ಅನ್ನುತ್ತೇವಲ್ಲ, ಅದೇ. ನನ್ನ ಮಂಡಿನೋವಿಗೆ ಮೂರು ವರ್ಷ ತುಂಬಿದಾಗ ಪಕ್ಕದ ಮನೆಯಾಕೆ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. "ಅಕ್ಕಾ, ಪರಂಗಿಪಟ್ಟೈ ಸಾಪ್ಪಿಡುಂಗೋ, ನಮ್ಮಮ್ಮ ಇದನ್ನ ತಿಂದೇ ಎದ್ದು ಓಡಾಡಿದ್ದು" ಅಂತ ಅವಳ ಅರ್ಧ ತಮಿಳು, ನನ್ನಿಂದ ಕಲಿತ ಅರ್ಧ ಕನ್ನಡ. ಅಂಗಡಿಯವರು ಗೋಣಿಚೀಲಕ್ಕೆ ಕೈ ಹಾಕಿ ನಾಲ್ಕು ತುಂಡು ತೆಗೆದು ತಕ್ಕಡಿಗೆ ಇಟ್ಟರು.

ನೋಡಿದ ಕೂಡಲೇ ಗುರುತು ಹತ್ತಿತು. ಹಾಸನದಲ್ಲಿ ನಮ್ಮ ತಾತನ ಗ್ರಂಥಿಗೆ ಅಂಗಡಿಯಲ್ಲಿ, ಹಿಪ್ಪಲಿ ಡಬ್ಬದ ಪಕ್ಕದಲ್ಲಿ ಇದೂ ಇರುತ್ತಿತ್ತು. ತಾತ ಚೀಟಿ ಅಂಟಿಸಿದ್ದರು: ಪರಂಗಿ ಚಕ್ಕೆ. ಶುಂಠಿಗಿಂತ ದಪ್ಪ, ಗಂಟುಗಂಟು, ಹೊರಗೆ ಕೆಂಪು ಬೆರೆತ ಕಂದು, ಕೊಯ್ದ ಕಡೆ ನಸುಗುಲಾಬಿ. ಉಗುರಿನಿಂದ ಕೆರೆದರೆ ಹಿಟ್ಟು ಉದುರುತ್ತದೆ. ಮೂಗಿಗೆ ಹಿಡಿದರೆ ವಾಸನೆ ಇಲ್ಲ, ನಾಲಿಗೆಗಿಟ್ಟರೆ ಹೇಳಿಕೊಳ್ಳುವಂಥ ರುಚಿಯೂ ಇಲ್ಲ. ಮಕ್ಕಳಾಗಿದ್ದಾಗ ಜ್ಯೇಷ್ಠಮಧು ಕದ್ದು ಚೀಪುತ್ತಿದ್ದ ನಾವು ಇದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ದಿನದಿಂದ ಈ ಹೆಸರು ನನ್ನನ್ನು ಬಿಟ್ಟಿಲ್ಲ. ಚಕ್ಕೆ ಅಂದರೆ ತೊಗಟೆ, ತಮಿಳಿನ ಪಟ್ಟೈಯೂ ಅದೇ. ಇದು ತೊಗಟೆಯಲ್ಲ, ಮುಳ್ಳುಬಳ್ಳಿಯೊಂದರ ನೆಲದಡಿಯ ಗೆಡ್ಡೆ. ಪರಂಗಿ ಅಂದರೆ ಫಿರಂಗಿಯವನು, ಪೋರ್ಚುಗೀಸನು. ಆದರೆ ಪೋರ್ಚುಗಲ್ಲಿನ ಮಣ್ಣಿನಲ್ಲಿ ಈ ಬಳ್ಳಿ ಬೆಳೆದದ್ದೇ ಇಲ್ಲ. ಇದು ಚೀನದ್ದು. ಅಲ್ಲಿ ಇದೇ ಕುಲದ ಎರಡು ಬಳ್ಳಿಗಳ ಗೆಡ್ಡೆ ಔಷಧಿಗೆ ಬರುತ್ತದೆ, ಒಂದಕ್ಕೆ ಬಾಚಿಯಾ, ಇನ್ನೊಂದಕ್ಕೆ ತುಫುಲಿಂಗ್ ಎಂದು ಹೆಸರು. ಗೆಡ್ಡೆ ಹುಡುಕಿದವರು, ಅದರ ಗುಣ ಕಂಡುಕೊಂಡವರು ಚೀನದ ವೈದ್ಯರು. ನಮ್ಮ ಎರಡು ಭಾಷೆಗಳಲ್ಲಿ ಹೆಸರು ಉಳಿದದ್ದು ಹಡಗಿನಲ್ಲಿ ಹೊತ್ತು ತಂದವನದು. ಪರಂಗಿ ಹಣ್ಣಿನ ಕಥೆಯೂ ಇದೇ. ಅಮೆರಿಕದ ಹಣ್ಣು ಮೈಸೂರಿನ ಹಿತ್ತಲಲ್ಲಿ ಪರಂಗಿಯವನ ಹೆಸರಿನಲ್ಲೇ ಬೆಳೆಯಿತು.

ಹಡಗು ಹೊತ್ತದ್ದು ಗೆಡ್ಡೆಯನ್ನು ಮಾತ್ರವಲ್ಲ, ರೋಗವನ್ನೂ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ನಂತರದ ವರ್ಷಗಳಲ್ಲಿ ಸಿಫಿಲಿಸ್ ನಮ್ಮ ಬಂದರುಗಳಿಗೆ ಬಂತು. ಮೊದಲು ಹುಣ್ಣು, ಆಮೇಲೆ ರಾತ್ರಿಯೆಲ್ಲ ಕೊರೆಯುವ ಮೂಳೆ ನೋವು, ಸಂದುನೋವು. ಯಾರೂ ಅದನ್ನು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ. ಇಟಲಿಯವರು ಫ್ರೆಂಚ್ ರೋಗವೆಂದರು, ಫ್ರೆಂಚರು ನೇಪಲ್ಸ್ ರೋಗವೆಂದರು, ಚೀನದಲ್ಲಿ ಗುವಾಂಗ್‌ಡಾಂಗ್ ಹುಣ್ಣು ಎಂದರು. ನಮ್ಮಲ್ಲಿ 16ನೆಯ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಫಿರಂಗ ರೋಗವೆಂದು ಬರೆದ. ಅದೇ ಗ್ರಂಥದಲ್ಲಿ ಈ ಗೆಡ್ಡೆಗೆ ಅವನು ಇಟ್ಟ ಹೆಸರು ದ್ವೀಪಾಂತರ ವಚಾ. ಅಂದರೆ ಬೇರೆ ದ್ವೀಪದ ಬಜೆ. ನನಗೆ ಈ ಹೆಸರಿನ ಮೇಲೆ ಬಹಳ ಗೌರವ. ಚರಕ, ಸುಶ್ರುತರು ಹೇಳದ ಮೂಲಿಕೆಯನ್ನು ಆ ವೈದ್ಯ ಒಳಗೆ ಕರೆದುಕೊಂಡ, ಆದರೆ ಅದು ನಮ್ಮ ಹಿತ್ತಲದ್ದೆಂದು ಹೇಳಿಕೊಳ್ಳಲಿಲ್ಲ. ಪಾರಸಿಯವರು ಇನ್ನೂ ನೇರ. ಚೋಬ್-ಎ-ಚೀನಿ, ಚೀನದ ಕಟ್ಟಿಗೆ, ಎಂದುಬಿಟ್ಟರು. ಉತ್ತರದ ಅಂಗಡಿಗಳಲ್ಲಿ ಚೋಪಚೀನಿ ಎಂದು ಕೇಳಿದರೆ ಇವತ್ತಿಗೂ ಇದನ್ನೇ ಕೊಡುತ್ತಾರೆ.

ಚೀನದಲ್ಲಿ ಲಿ ಷಿಜೆನ್ ಎಂಬ ವೈದ್ಯ ಇದೇ ಕಾಲದವನು. ಅವನ ಮಹಾಗ್ರಂಥ 'ಬೆನ್‌ಸಾವ್ ಗಾಂಗ್‌ಮು' 1578ರಲ್ಲಿ ಬರೆದು ಮುಗಿದು, 1596ರಲ್ಲಿ ಅಚ್ಚಾಯಿತು. ತುಫುಲಿಂಗ್ ಬಗ್ಗೆ ಅವನು ಹೇಳುವ ಮಾತು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಆ ಗುವಾಂಗ್‌ಡಾಂಗ್ ಹುಣ್ಣಿಗೆ ಪಾದರಸದ ಔಷಧಿ ಕೊಡುತ್ತಿದ್ದರು. ಹುಣ್ಣು ಮಾಯುತ್ತಿತ್ತು, ಆದರೆ ಪಾದರಸ ಮೈಯೊಳಗೆ ಉಳಿದು ನರಗಳು ಸೆಟೆದುಕೊಂಡು, ಕೈಕಾಲು ಮಡಿಚಲಾರದೆ ಜನ ಜೀವಮಾನವಿಡೀ ನರಳುತ್ತಿದ್ದರು. ಹಾಗೆ ಸೆಟೆದ ಸಂದುಗಳಿಗೆ, ಮೂಳೆ ನೋವಿಗೆ ಅವನು ತುಫುಲಿಂಗ್ ಹೇಳಿದ. ರೋಗ ತಂದ ನೋವಿಗೂ ಮದ್ದು ತಂದ ನೋವಿಗೂ ಒಂದೇ ಗೆಡ್ಡೆ.

ಗೋವೆಯಲ್ಲಿ ಇದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಗಾರ್ಸಿಯಾ ದ ಓರ್ತಾ. ಯೆಹೂದಿ ಮೂಲದ ಪೋರ್ಚುಗೀಸ್ ವೈದ್ಯ, 1534ರಲ್ಲಿ ಬಂದವನು, ಅಹಮದ್‌ನಗರದ ನಿಜಾಮಶಾಹಿ ಸುಲ್ತಾನನಿಗೂ ಚಿಕಿತ್ಸೆ ಮಾಡಿದವನು. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಅವನ ಪುಸ್ತಕ ಇಬ್ಬರು ವೈದ್ಯರ ಮಾತುಕತೆಯ ರೂಪದಲ್ಲಿದೆ. ಅದರಲ್ಲಿ ಒಂದು ಅಧ್ಯಾಯ ಪೂರ್ತಿ ಚೀನದ ಬೇರಿಗೆ. 1535ರ ಸುಮಾರಿಗೆ ಇದು ಇಲ್ಲಿ ಬಳಕೆಗೆ ಬಂತೆಂದು ತಿಳಿಯುವುದು ಅವನಿಂದಲೇ. ಅವನು 1568ರಲ್ಲಿ ತೀರಿಕೊಂಡ. ಗುಟ್ಟಾಗಿ ಯೆಹೂದಿ ಧರ್ಮ ಪಾಲಿಸಿದನೆಂದು ಚರ್ಚಿನ ಧರ್ಮವಿಚಾರಣಾ ನ್ಯಾಯಾಲಯವಾದ ಇನ್‌ಕ್ವಿಸಿಷನ್‌ನವರು 1580ರಲ್ಲಿ ಅವನ ಮೂಳೆಗಳನ್ನು ಗೋರಿಯಿಂದ ತೆಗೆಸಿ ಸುಟ್ಟರು. ಎಷ್ಟೋ ಜನರ ಮೂಳೆ ನೋವಿಗೆ ಮದ್ದು ಹುಡುಕಿದವನು ಅವನು.

ಯುರೋಪಿನಲ್ಲೂ ಗೆಡ್ಡೆಗೆ ಬೇಡಿಕೆ ಹುಟ್ಟಿತು. ಐದನೆಯ ಚಾರ್ಲ್ಸ್ ಚಕ್ರವರ್ತಿ ಕೀಲುವಾತಕ್ಕೆ ಇದರ ಕಷಾಯ ಕುಡಿದ. ಅವನ ವೈದ್ಯ ವೆಸಾಲಿಯಸ್ 1546ರಲ್ಲಿ ಚೀನದ ಬೇರಿನ ಹೆಸರಿನಲ್ಲೇ ಒಂದು ಪತ್ರವನ್ನು ಅಚ್ಚು ಹಾಕಿಸಿದ. ಆದರೆ ಅದರಲ್ಲಿ ಬೇರಿಗಿಂತ ಹೆಚ್ಚಾಗಿ ಇರುವುದು ತನ್ನ ಅಂಗರಚನಾ ಶಾಸ್ತ್ರದ ಸಮರ್ಥನೆ. ಮದರಾಸಿನಲ್ಲಿ 1813ರಲ್ಲಿ ಐನ್ಸ್ಲಿ ಎಂಬ ವೈದ್ಯ ಇಲ್ಲಿನ ಮದ್ದುಗಳ ಪುಸ್ತಕ ತರುವ ಹೊತ್ತಿಗೆ ಪರಂಗಿಪಟ್ಟೈ ಪೇಟೆಯ ಸಾಮಾನ್ಯ ಸರಕಾಗಿತ್ತು. ತಮಿಳರ ಸಿದ್ಧ ಪದ್ಧತಿಯ ವೈದ್ಯರ ಕೈಯಲ್ಲಿ ಅದು ಚೂರ್ಣವಾಗಿತ್ತು, ರಸಾಯನವಾಗಿತ್ತು. ನಮ್ಮ ವೇಲಚೇರಿ ರಸ್ತೆ ಹಿಡಿದು ತಾಂಬರಂ ಕಡೆ ಹೋದರೆ 2005ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಸಿದ್ಧ ಸಂಸ್ಥೆ ಸಿಗುತ್ತದೆ. ಪರಂಗಿಪಟ್ಟೈ ಚೂರ್ಣ ಸಿದ್ಧ ವೈದ್ಯರು ಇವತ್ತಿಗೂ ಬರೆದುಕೊಡುವ ಮದ್ದು.

ಸಿದ್ಧರ ಕ್ರಮದಲ್ಲಿ ಗೆಡ್ಡೆಯನ್ನು ಹಾಗೇ ಪುಡಿ ಮಾಡಿ ತಿನ್ನುವಂತಿಲ್ಲ, ಶುದ್ಧಿ ಮಾಡಬೇಕು. ಅದಕ್ಕೆ ಪಿಟ್ಟವಿಯಲ್ ಅನ್ನುತ್ತಾರೆ, ಪುಟ್ಟು ಬೇಯಿಸುವ ಹಾಗೆ ಬೇಯಿಸುವುದು. ಪಕ್ಕದ ಮನೆಯಾಕೆ ಒಂದು ಭಾನುವಾರ ನಮ್ಮ ಅಡುಗೆಮನೆಯಲ್ಲೇ ಮಾಡಿ ತೋರಿಸಿದಳು. ಪಾತ್ರೆಯಲ್ಲಿ ಅರ್ಧದಷ್ಟು ಹಾಲು ನೀರು ಬೆರೆಸಿ ಇಟ್ಟಳು. ಬಾಯಿಗೆ ಹಳೆಯ ಮಲ್ಲು ಪಂಚೆಯ ತುಂಡು ಬಿಗಿದು ಕಟ್ಟಿ, ಜರಡಿ ಹಿಡಿದ ಪುಡಿಯನ್ನು ಅದರ ಮೇಲೆ ಹರಡಿ, ಮೇಲೊಂದು ತಟ್ಟೆ ಮುಚ್ಚಿದಳು. ಹಾಲಿನ ಆವಿ ಬಟ್ಟೆಯ ಮೂಲಕ ಮೇಲೇರಿತು. ಅರ್ಧ ಗಂಟೆಯ ಮೇಲೆ ತಟ್ಟೆ ತೆಗೆದಾಗ ಪುಡಿ ಒದ್ದೆ ರಾಗಿಹಿಟ್ಟಿನ ಹಾಗೆ ಮುದ್ದೆಕಟ್ಟಿತ್ತು, ಹಾಲಿಗಿಂತ ಹಸಿಮಣ್ಣಿನ ವಾಸನೆ ಮುಂದಾಗಿತ್ತು. ತಾರಸಿಯ ಮೇಲೆ ಎರಡು ದಿನ ಒಣಗಿಸಿ ಮತ್ತೆ ಕುಟ್ಟಿದೆವು. ತಿನ್ನುವ ಮೊದಲು ಒಬ್ಬ ಸಿದ್ಧ ವೈದ್ಯರಿಗೆ ತೋರಿಸಿ, ನಾನು ನುಂಗುವ ಬಿಪಿ ಮಾತ್ರೆಯ ಹೆಸರೂ ಹೇಳಿ, ಅಳತೆ ಕೇಳಿಕೊಂಡು ಬಂದೆ. ಮಂಡಿನೋವು ಹೋಯಿತೆಂದು ಹೇಳಲಾರೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಸ್ವಲ್ಪ ಸಡಿಲವಾಗಿದೆ. ಅದು ಚೂರ್ಣದಿಂದಲೋ, ಮೂಳೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮದಿಂದಲೋ ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಎರಡನ್ನೂ ಬಿಟ್ಟಿಲ್ಲ.

ಪುಡಿ ಒಣಹಾಕಿದ ಆ ತಾರಸಿಯಿಂದ ಪಶ್ಚಿಮಕ್ಕೆ ನೋಡಿದರೆ ಪರಂಗಿಮಲೈ ಕಾಣುತ್ತದೆ, ಸೇಂಟ್ ಥಾಮಸ್ ಬೆಟ್ಟ. 1523ರಲ್ಲಿ ಪೋರ್ಚುಗೀಸರು ಅದರ ತುದಿಯಲ್ಲಿ ಚರ್ಚು ಕಟ್ಟಿದರು. ಬೆಟ್ಟಕ್ಕೂ ನನ್ನ ಗೆಡ್ಡೆಗೂ ಒಂದೇ ಹೆಸರು. ಹತ್ತಿಹೋಗುವ ನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲುಗಳನ್ನು ಕಟ್ಟಿಸಿದ್ದು ಮಾತ್ರ ಪೋರ್ಚುಗೀಸರಲ್ಲ. ಕೋಜಾ ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕ, ಮದರಾಸಿನಿಂದ ಮನಿಲಾಕ್ಕೆ ವ್ಯಾಪಾರ ಮಾಡಿದವನು, 18ನೆಯ ಶತಮಾನದಲ್ಲಿ ಕಟ್ಟಿಸಿದ. ಅವನ ಹೆಸರು ಹೇಳಿದರೆ ಆಟೋದವರಿಗೆ ಗೊತ್ತಾಗುವುದಿಲ್ಲ. ಕಳೆದ ತಿಂಗಳು ಆಟೋದಲ್ಲಿ ಮೇಲಕ್ಕೆ ಹೋಗಿ, ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಬಂದೆ.

ಚೂರ್ಣ ಮುಗಿದಿತ್ತು. ಮತ್ತೆ ಅಂಗಡಿಗೆ ಹೋದಾಗ, ಈ ಸರಕು ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

"ಪಾರ್ಕ್ ಟೌನ್, ರಾಸಪ್ಪ ಚೆಟ್ಟಿ ಬೀದಿ," ಅಂದರು ಅಂಗಡಿಯವರು.

"ಅವರಿಗೆ?"

ಅವರು ಗೋಣಿಚೀಲವನ್ನು ತಿರುಗಿಸಿ ನೋಡಿದರು. ಅದರ ಮೇಲೆ ಬೀದಿಯ ಸಗಟು ಅಂಗಡಿಯ ಮುದ್ರೆ ಇತ್ತು, ಬೇರೇನೂ ಇರಲಿಲ್ಲ. "ಅವರಿಗೆ ಯಾರೋ ತಂದು ಕೊಡ್ತಾರಮ್ಮಾ," ಎಂದು ನೂರು ಗ್ರಾಂ ತೂಗಿ, ಕಾಗದದಲ್ಲಿ ಕಟ್ಟಿ ಕೊಟ್ಟರು.