ಬೇವ್ಯೂದ ಮುದುಕಿ ಮತ್ತ ನಮ್ಮ ಮನಿ ಹೆಣ್ಣಮಕ್ಕಳು

1990ರಾಗ ಇಂಗ್ಲಂಡಿನ ಬಿ.ಬಿ.ಸಿ. ಒಳಗ ‘ವೇಟಿಂಗ್ ಫಾರ್ ಗಾಡ್’ ಅಂತ ಒಂದು ನಗೀ ಧಾರಾವಾಹಿ ಸುರು ಆತು. ಅಂದ್ರ ದೇವರ ದಾರಿ ಕಾಯೂದು. ಹೆಸರು ಕೇಳಿದ ಕೂಡಲೇ ನಮ್ಮ ಕಾಕು ‘ಏನವಾ ಇದು, ದೀಪಾ ಹಚ್ಚೂ ಹೊತ್ತಿನಾಗ ಇಂಥಾದ್ದು’ ಅಂದ್ರು. ಖರೇ ಅಂದ್ರ ಆ ಹೆಸರು ಚ್ಯಾಷ್ಟಿಗೆ ಇಟ್ಟದ್ದು. ಸ್ಯಾಮ್ಯುಯೆಲ್ ಬೆಕೆಟ್ ಅವರದು ‘ವೇಟಿಂಗ್ ಫಾರ್ ಗೋಡೋ’ ಅಂತ ಹೆಸರಾದ ನಾಟಕ ಅದ, ಅದನ್ನ ಒಂದೀಟ ತಿರುವಿ ಇಟ್ಟಾರ. ಬರದವರು ಮೈಕಲ್ ಏಟ್ಕಿನ್ಸ್. 1994ರ ತನಕಾ ನಡೀತು, ಒಟ್ಟ 47 ಕಂತು.

ನಾ ಇದನ್ನ ನೋಡಿದ್ದು ಮಗಳ ಮನ್ಯಾಗ, ಬಾಣಂತನಕ್ಕ ಹೋದಾಗ. ಊರಿಗೆ ಬಂದ ಮ್ಯಾಲೆ ಕಾಕು, ನಮ್ಮ ನಾದಿನಿ, ಬಾಜೂ ಮನಿ ಮಾಮಿ ಎಲ್ಲಾರೂ ಕೂಡಿ ಮತ್ತ ನೋಡಿದ್ವಿ. ಅವರು ಮಾತಾಡೂದು ಪೂರಾ ತಿಳೀದಿದ್ದರ ಕೆಳಗಿನ ಅಕ್ಷರಾ ಓದಿಕೋತ. ಕಂತು ಮುಗಿಯೂದಕ್ಕೂ ಜಗಳಾ ಸುರು ಆಗೂದಕ್ಕೂ ಸರೀ ಆಗ್ತಿತ್ತು. ಒಬ್ಬೊಬ್ಬರ ಅಭಿಪ್ರಾಯ ಒಂದೊಂದು ದಿಕ್ಕಿಗೆ.

ಕತಿ ಸಣ್ಣದು. ಬೋರ್ನ್‌ಮತ್ ಅನ್ನೂ ಸಮುದ್ರದ ದಂಡೀ ಊರಿನ ಹತ್ರ ಬೇವ್ಯೂ ಅಂತ ಒಂದು ನಿವೃತ್ತರ ವಸತಿ, ಅದು ಕಾಲ್ಪನಿಕ. ಟಾಮ್ ಬ್ಯಾಲರ್ಡ್ ಅನ್ನೂ ನಿವೃತ್ತ ಲೆಕ್ಕಪತ್ರದಾಂವನ್ನ ಮಗಾ ಸೊಸಿ ಕರಕೊಂಡ ಬಂದು ಅಲ್ಲೆ ಬಿಡ್ತಾರ. ಬಾಜೂ ಖೋಲೀಯಾಕಿ ಡಯಾನಾ ಟ್ರೆಂಟ್. ಹರೇದಾಗ ಲಡಾಯಿ ನಡದಲ್ಲೆ ಹೋಗಿ ಪೇಪರಿಗೆ ಫೋಟೋ ತಗದಾಕಿ, ಲಗ್ನಾ ಮಾಡಿಕೊಂಡಿಲ್ಲಾ, ಇರೂದು ಒಬ್ಬಾಕಿ ಸೋದರ ಸಂಬಂಧದ ಹುಡಿಗಿ. ನಾಲಗಿ ಅಂದ್ರ ಕುಡಗೋಲು. ಇವರಿಬ್ಬರೂ ಕೂಡಿ ಆ ವಸತೀ ಮ್ಯಾನೇಜರ್ ಹಾರ್ವೀ ಬೇನ್ಸ್ ಅನ್ನಾಂವನ ಜೀವಾ ತಿಂತಾರ. ಅಂವಗ ಊಟದ ಖರ್ಚು, ನೌಕರರ ಖರ್ಚು ಎಲ್ಲೆ ಕಡಿಮಿ ಮಾಡ್ಲಿ ಅನ್ನೂದ ಒಂದ ಧ್ಯಾನ.

ಈ ಹಾರ್ವೀನ್ನ ನೋಡಿ ನಾವು ಸುಮ್ಮನ ನಕ್ಕಿದ್ವಿ. ಆದ್ರ ಆ ದೇಶದ ಇತಿಹಾಸ ಒಂದೀಟ ತಿಳಕೊಂಡ್ರ ಅಲ್ಲಿ ಮಂದಿ ಯಾಕ ಅಷ್ಟ ನಕ್ಕಿದ್ರು ಅನ್ನೂದು ಗೊತ್ತಾಗ್ತದ.

ಮೊದಲ ಇಂಗ್ಲಂಡಿನಾಗ ದಿಕ್ಕಿಲ್ಲದ ಮುದುಕರು ಹೋಗಬೇಕಾಗಿದ್ದು ವರ್ಕ್‌ಹೌಸಿಗೆ. ಬಡವರನ್ನ ಇಟ್ಟು ದುಡಿಸಿಕೊಳ್ಳೂ ಜಾಗಾ ಅದು. ಗಂಡಸರ ಕಡೆ ಗಂಡಸರು, ಹೆಂಗಸರ ಕಡೆ ಹೆಂಗಸರು. ನಲವತ್ತ ವರ್ಷ ಸಂಸಾರ ಮಾಡಿದವರನ್ನೂ ಬ್ಯಾರೆ ಬ್ಯಾರೆ ಇಡೂದು ಇತ್ತು. 1948ರ ಕಾಯದೆ ಬಂದು ಆ ಪದ್ಧತಿ ತಗದು ಹಾಕಿದ್ರು, ಮುದುಕರನ್ನ ನೋಡಿಕೊಳ್ಳೂ ಜವಾಬ್ದಾರಿ ಊರ ಕೌನ್ಸಿಲಿಗೆ ಬಂತು. ಆಗಿನ ಮಂತ್ರಿ ಅನ್ಯೂರಿನ್ ಬೆವನ್ ಅವರ ಆಸೆ ದೊಡ್ಡದು: ಸಣ್ಣ ಸಣ್ಣ ವಸತಿ ಇರಬೇಕು, ಅಲ್ಲಿರೂ ಹಿರಿಯರು ಹೋಟೆಲ್ಲಿಗೆ ಬಂದ ಅತಿಥಿ ಹಂಗ ಇರಬೇಕು ಅಂತ. ಆದ್ರ ಕಟ್ಟಡಾ ಎಲ್ಲಿಂದ ಬರಬೇಕು? ಯುದ್ಧ ಮುಗದು ರೊಕ್ಕ ಇಲ್ಲದ ದೇಶ. ಹಳೇ ವರ್ಕ್‌ಹೌಸಿಗೇ ಸುಣ್ಣಾ ಬಳದು ಬೋರ್ಡ್ ಬದಲಿ ಮಾಡಿದ್ರು. ಪೀಟರ್ ಟೌನ್ಸೆಂಡ್ ಅನ್ನೂ ಸಮಾಜಶಾಸ್ತ್ರಜ್ಞರು ಇಂಥಾ 173 ವಸತಿ ತಿರುಗಿ ನೋಡಿ 1962ರಾಗ ‘ದ ಲಾಸ್ಟ್ ರೆಫ್ಯೂಜ್’ ಅನ್ನೂ ಪುಸ್ತಕ ಬರದ್ರು. ಕಾಯದೆ ಬಂದು ಹತ್ತ ವರ್ಷದ ಮ್ಯಾಲಾದ್ರೂ ಎಷ್ಟೋ ಮುದುಕರು ಅದ ಹಳೇ ಗ್ವಾಡಿ ನಡುವ ಸಾಲಾಗಿ ಮಂಚಾ ಹಾಕ್ಕೊಂಡು ಮಲಗತಿದ್ರು.

ಮುಂದ 1980ರ ದಶಕದಾಗ ಥ್ಯಾಚರ್ ಬಾಯಿ ಕಾಲಕ್ಕ ಇನ್ನೊಂದು ನಮೂನಿ ಆತು. ಬಡ ಹಿರಿಯರು ಖಾಸಗಿ ವಸತಿಗೆ ಹೋದ್ರ ಅದರ ಫೀ ಸರಕಾರದ ಭತ್ಯೆದಿಂದ ಸಿಗಲಿಕ್ಕೆ ಹತ್ತಿತು. 1979ರಾಗ ಇದಕ್ಕ ಖರ್ಚಾಗ್ತಿದ್ದದ್ದು ಸುಮಾರ 1 ಕೋಟಿ ಪೌಂಡು. ಹತ್ತ ವರ್ಷದಾಗ ಅದು 100 ಕೋಟಿಗೆ ಹೋತು. ಸಮುದ್ರದ ದಂಡೀ ಊರಾಗ ಸೂಟೀಗೆ ಬರೂ ಮಂದಿ ಕಡಿಮಿ ಆಗಿ ಖಾಲಿ ಬಿದ್ದಿದ್ದ ಹೋಟೆಲ್ಲು, ದೊಡ್ಡ ದೊಡ್ಡ ಮನಿ ಎಷ್ಟೋ ಮುದುಕರ ವಸತಿ ಆದ್ವು. ಮುಪ್ಪು ಅನ್ನೂದು ಒಂದು ಧಂದೆ ಆತು. ಖರ್ಚು ಕೈ ಮೀರಿದ ಮ್ಯಾಲೆ 1990ರಾಗ ಹೊಸಾ ಕಾಯದೆ ತಂದ್ರು, ಅದರ ವಸತಿ ಭಾಗ ಜಾರಿ ಆಗಿದ್ದು 1993ರಾಗ. ನಮ್ಮ ಧಾರಾವಾಹಿ ಬಂದಿದ್ದು ಸರಿಯಾಗಿ ಇದರ ನಡುವ ನೋಡ್ರಿ. ಹಾರ್ವೀ ಬೇನ್ಸ್‌ನಂಥಾ ಮ್ಯಾನೇಜರು ಅಂದ್ರ ಯಾರು ಅಂತ ಅಲ್ಲಿ ಮಂದಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲಾ.

ನಮ್ಮ ನಾದಿನೀ ತಕರಾರು ಬ್ಯಾರೆ. ‘ಆ ಡಯಾನಾ ಮುದುಕಿ ಅನಸೂದ ಇಲ್ಲಲಾ’ ಅಂದ್ಲು. ಆಕಿ ಕಣ್ಣು ಸೂಕ್ಷ್ಮ. ಡಯಾನಾ ಆದ ಸ್ಟೆಫನಿ ಕೋಲ್ ಹುಟ್ಟಿದ್ದು 1941ರಾಗ, ಅಂದ್ರ ಸುರು ಆದಾಗ ಆಕೀಗೆ ಐವತ್ತೂ ತುಂಬಿರಲಿಲ್ಲಾ. ಟಾಮ್ ಆದ ಗ್ರಹಾಮ್ ಕ್ರೌಡನ್ ಮಾತ್ರ ಖರೇನ ಅರವತ್ತೇಳರಾಂವ. ಗಂಡಸಿನ ಮುಪ್ಪು ಖರೇದು ಇದ್ದರೂ ನಡೀತದ, ಹೆಂಗಸಿನ ಮುಪ್ಪಿಗೆ ಮಾತ್ರ ವಿಗ್ಗು, ಬಣ್ಣಾ ಬೇಕು. ಅಮೆರಿಕಾದ್ದು ‘ದ ಗೋಲ್ಡನ್ ಗರ್ಲ್ಸ್’ ಅಂತ ಇದಕ್ಕಿಂತ ಮೊದಲ, 1985ರಾಗ ಸುರು ಆಗಿತ್ತು. ಮಯಾಮಿ ಒಳಗ ನಾಲ್ಕ ಮಂದಿ ಹೆಂಗಸರು ಒಂದ ಮನ್ಯಾಗ ಇರೂ ಕತಿ. ಅದರಾಗ ಅವ್ವ ಸೋಫಿಯಾ ಆದ ಎಸ್ಟೆಲ್ ಗೆಟ್ಟಿ, ಮಗಳು ಆದ ಬಿಯಾ ಆರ್ಥರ್‌ಗಿಂತ ಒಂದ ವರ್ಷ ಸಣ್ಣಾಕಿ! ಸೋಫಿಯಾ ಇದ್ದ ವೃದ್ಧಾಶ್ರಮ ಸುಟ್ಟ ಹೋಗಿ ಮಗಳ ಮನಿಗೆ ಬಂದಿರ್ತಾಳ. ಬಾಯಿ ಜೋರ ಮಾಡಿದ್ರ ಮಗಳು ‘ಶೇಡಿ ಪೈನ್ಸ್, ಅವ್ವಾ’ ಅಂತ ಆ ಆಶ್ರಮದ ಹೆಸರು ಹೇಳಿ ಹೆದರಸ್ತಾಳ. ಮಾಮಿ ಅದನ್ನ ಕೇಳಿ ನಗಲಿಲ್ಲಾ, ಎದ್ದ ಹೋಗಿ ಚಹಾಕ್ಕಿಟ್ರು.

ಅಲ್ಲೆ ಇನ್ನೊಂದು ಮಾತು. ನಂಗ ಈ ಧಾರಾವಾಹಿ ಭಾಳ ಸೇರ್ತದ, ಆದ್ರ ಸೊಸೀ ವಿಷಯದಾಗ ಇವರೂ ನಮ್ಮ ಟೀವ್ಹಿಯವರಿಗಿಂತ ಬ್ಯಾರೆ ಏನಿಲ್ಲಾ. ಟಾಮನ ಮಗಾ ಜೆಫ್ರಿ ಮಾತಾಡಿದ್ರ ನಿದ್ದಿ ಬರೂವಂಥಾಂವ, ಆದ್ರ ಪಾಪದಾಂವ. ಸೊಸಿ ಮೇರಿಯನ್ ಮಾತ್ರ ಕುಡಕಿ, ನಡತಿಗೇಡಿ, ಮಾವನ್ನ ಕಂಡ್ರ ಆಗೂದುಲ್ಲಾ. ಅಪ್ಪನ್ನ ಬಿಡಲಿಕ್ಕೆ ಕಾರು ಹೊಡಕೊಂಡ ಹೋದಾಂವ ಮಗಾ, ಬೈಗಳಾ ತಿನ್ನೂವಾಕಿ ಸೊಸಿ. ಕಾಕು ಅಂತೂ ಪ್ರತೀ ಕಂತಿಗೂ ಆಕೀನ್ನ ಬೈದ್ರು. ನಾ ಕೇಳಿದೆ, ‘ಕಾಕು, ಜೆಫ್ರಿಗೆ ಒಂದರ ಅನ್ರಿ’ ಅಂತ. ‘ಅಂವಾ ಏನ ಮಾಡ್ಯಾನು, ಬಡಪಾಯಿ’ ಅಂದ್ರು. ಬೋರ್ನ್‌ಮತ್‌ದಿಂದ ಧಾರವಾಡದ ತನಕಾ ಇದಕ್ಕ ಒಂದ ಉತ್ತರ.

ಇಷ್ಟ ಬರೀಲಿಕ್ಕೆ ಕಾರಣಾ ನಿಮಗೆಲ್ಲಾ ಗೊತ್ತಿದ್ದದ್ದ ಅದ. ನಮ್ಮ ದೊಡ್ಡ ವೈನಿ ಬೆಂಗಳೂರ ಕಡೆ ಹಿರಿಯರದ ಒಂದು ಕಾಲನಿ ಒಳಗ ಮನಿ ತಗೋಳೂ ವಿಚಾರ ಮಾಡ್ಯಾರ. ಅಂದಿನಿಂದ ನಮ್ಮ ಮನಿ ಫೋನು ತಣ್ಣಗಾಗಿಲ್ಲಾ. ಎಲ್ಲಾರೂ ಕೇಳೂದು ಒಂದ, ‘ಸೊಸಿ ಏನರ ಅಂದ್ಲೇನು?’ ಸೊಸಿ ಏನೂ ಅಂದಿಲ್ಲ. ವೈನಿಗೆ ಒಬ್ಬರ ಮನ್ಯಾಗ ಎದ್ದು ಕುಕ್ಕರ್ ಸೀಟಿ ಎಣಿಸೂದು ಸಾಕಾಗ್ಯದ, ಅಷ್ಟ. ಅಣ್ಣಾ ಹೋಗಿ ಆರ ವರ್ಷ ಆತು, ಮಕ್ಕಳು ಹೊರದೇಶದಾಗ. ಮಗಾ ಕರೀತಾನ, ಆದ್ರ ಅವರಿಗೆ ಆ ಥಂಡಿ ಒಗ್ಗೂದಿಲ್ಲಾ.

ವೈನೀನೂ ನಮ್ಮ ಜೋಡಿ ಕೂತು ಎಂಟ ಹತ್ತ ಕಂತು ನೋಡಿದ್ರು. ಉಳದವರು ಟಾಮು ಡಯಾನಾ ಲಗ್ನದ ತನಕಾ ಬಂದು ಲಗ್ನಾ ಇಲ್ಲದನ ಕೂಡಿ ಇರೂದಕ್ಕ ‘ಅಯ್ಯ, ಈ ವಯಸ್ಸಿನಾಗ’ ಅಂತ ಬಾಯಿ ಮ್ಯಾಲೆ ಕೈ ಇಟ್ಟಕೊಂಡ್ರ, ವೈನಿ ಅದಕ್ಕ ಏನೂ ಅನ್ನಲಿಲ್ಲಾ. ಅವರು ನೋಡಿದ್ದು ಪೂರಾ ಹಾರ್ವೀನ್ನ. ಮರದಿನ ಆ ಕಾಲನಿಯವರಿಗೆ ಫೋನ್ ಹಚ್ಚಿ, ಅಡಗೀ ಮನಿ ಖರ್ಚು ಯಾರು ಠರಾಯಿಸ್ತಾರ, ಅಲ್ಲಿರೂ ಮಂದೀದ ಕಮಿಟಿ ಅದನೋ ಇಲ್ಲೋ, ಫೀ ವರ್ಷಕ್ಕ ಎಷ್ಟ ಏರಸ್ತೀರಿ, ಎಲ್ಲಾ ಕಾಗದದ ಮ್ಯಾಲೆ ಬರದ ಕೊಡ್ರಿ ಅಂತ ಕೇಳ್ಯಾರ. ಉತ್ತರಾ ಇನ್ನೂ ಬಂದಿಲ್ಲಾ.