‘ಶ್ರು’ ಎಂಬ ಧಾತು

ರೇಡಿಯೋ ಭಾಷಣಗಳಲ್ಲಿ ‘ಶ್ರೋತೃಗಳೇ’ ಎಂಬ ಸಂಬೋಧನೆಯನ್ನು ವಾಚಕರು ಎಷ್ಟೋ ಸಲ ಕೇಳಿರುವರಷ್ಟೆ. ಅದರ ಹಿಂದಿರುವುದು ಸಂಸ್ಕೃತದ ‘ಶ್ರು’ ಧಾತು. ಅರ್ಥ, ಕೇಳು ಎಂದು. ಶ್ರವಣ, ಶ್ರಾವ್ಯ, ಬಹುಶ್ರುತ, ಎಲ್ಲವೂ ಅದರ ಸಂತಾನವೇ. ಗುರುಮುಖದಿಂದ ಕೇಳಿ ಕಲಿಯತಕ್ಕದ್ದಾದುದರಿಂದ ವೇದಕ್ಕೆ ಶ್ರುತಿಯೆಂದು ಹೆಸರು. ತಂಬೂರಿಯ ನಾದವೂ ನಮಗೆ ಶ್ರುತಿಯೇ. ಪಾಣಿನಿಯ ವ್ಯಾಕರಣದಲ್ಲಿ ಈ ಧಾತು ಭ್ವಾದಿಗಣಕ್ಕೆ ಸೇರಿದ್ದರೂ ‘ಶೃಣೋತಿ’ ಎಂದು ಬೇರೆ ಜಾಡು ಹಿಡಿಯುವುದರಿಂದ, ಇದೊಂದಕ್ಕಾಗಿಯೇ ಆತನು ಒಂದು ಸೂತ್ರವನ್ನು ರಚಿಸಬೇಕಾಯಿತು.

ಇದರ ಬಂಧುಬಳಗ ಬಲು ದೂರ ಹಬ್ಬಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ನಮ್ಮ ‘ಶತ’ಕ್ಕೆ ಲ್ಯಾಟಿನ್ನಿನ ‘ಕೆಂಟುಮ್’ ಹೇಗೋ ಹಾಗೆ ವೇದದ ‘ಶ್ರವಸ್’ಗೆ ಗ್ರೀಕಿನ ‘ಕ್ಲೆಓಸ್’ ಜೋಡಿ. ಎರಡಕ್ಕೂ ಕೀರ್ತಿಯೆಂದೇ ಅರ್ಥ. ‘ಅಳಿಯದ ಕೀರ್ತಿ’ ಎಂಬ ನುಡಿ ಋಗ್ವೇದದಲ್ಲಿಯೂ ಹೋಮರನ ಇಲಿಯಡ್ ಕಾವ್ಯದಲ್ಲಿಯೂ ಇರುವುದನ್ನು ಜರ್ಮನ್ ವಿದ್ವಾಂಸ ಆಡಾಲ್ಬರ್ಟ್ ಕೂನ್ 1853ರಲ್ಲಿ ಎತ್ತಿತೋರಿಸಿದನು. ಕೇಳುವುದಕ್ಕೂ ಕೀರ್ತಿಗೂ ಏನು ನಂಟು? ಬರಹವಿಲ್ಲದ ಕಾಲದಲ್ಲಿ, ಸತ್ತ ವೀರನ ಪಾಲಿಗೆ ಉಳಿಯುತ್ತಿದ್ದುದು ಅವನ ವಿಷಯವಾಗಿ ಜನ ಕೇಳಿದ ಮಾತು ತಾನೆ! ಒಳ್ಳೆಯ ಕೀರ್ತಿಯುಳ್ಳವನು ‘ಸುಶ್ರವಸ್’. ಇದೇ ಹೆಸರು ಪ್ರಾಚೀನ ಇರಾನಿನಲ್ಲಿ ‘ಹಓಸ್ರವಹ್’ ಆಗಿದ್ದು, ಪಾರಸಿಯಲ್ಲಿ ‘ಖುಸ್ರು’ ಆಯಿತು. ದಿಲ್ಲಿಯ ಕವಿ ಅಮೀರ್ ಖುಸ್ರುವಿನ ಹೆಸರಿನಲ್ಲಿಯೂ ನಮ್ಮ ಧಾತುವಿನ ಒಡಹುಟ್ಟೇ ಅಡಗಿದೆಯೆಂದರೆ ಸೋಜಿಗವಲ್ಲವೆ?

ಆದರೆ ನನಗೆ ಇದೆಲ್ಲಕ್ಕಿಂತ ಹೆಚ್ಚು ಹಿಡಿಸಿರುವ ಮಾತು ‘ಶುಶ್ರೂಷೆ’. ಅದರ ಮೊದಲ ಅರ್ಥ ಕೇಳಬೇಕೆಂಬ ಇಚ್ಛೆ, ಅಷ್ಟೆ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನು ಅವನು ಹೇಳಿದಂತೆ ನಡೆಯಬೇಕು. ನೀರು ತರಬೇಕು, ಸೌದೆ ಹೊರಬೇಕು. ಹೀಗೆ ಕೇಳುವ ಇಚ್ಛೆ ವಿಧೇಯತೆಯಾಗಿ, ವಿಧೇಯತೆ ಸೇವೆಯಾಗಿ, ಕಡೆಗೆ ಕನ್ನಡದಲ್ಲಿ ರೋಗಿಯ ಆರೈಕೆಯಾಗಿ ನಿಂತಿತು. ನಮ್ಮ ‘ಕೇಳು’ ಕೂಡ ಅರ್ಧ ದಾರಿ ಜೊತೆಗೆ ನಡೆದಿದೆ: ‘ಹುಡುಗ ಮಾತು ಕೇಳುವುದಿಲ್ಲ’ ಎನ್ನುವ ತಾಯಿ ದೂರುವುದು ಅವನ ಕಿವಿಯನ್ನಲ್ಲ.

ಇನ್ನು ರೂಪಸಾಮ್ಯಕ್ಕೆ ಮರುಳಾಗಬಾರದು. ರಕ್ತಸ್ರಾವದ್ದು ಹರಿಯುವ ‘ಸ್ರು’, ದಂತ್ಯ ಸಕಾರ. ಅದನ್ನು ‘ಶ್ರಾವ’ ಎಂದು ಬರೆಯುವವರು ಬಹಳ. ಶ್ರವಣಬೆಳಗೊಳಕ್ಕೂ ಕಿವಿಗೂ ಸಂಬಂಧವಿಲ್ಲ. ಅಲ್ಲಿರುವುದು ‘ಶ್ರಮಣ’, ಎಂದರೆ ತಪಸ್ಸಿನಲ್ಲಿ ದೇಹ ದಣಿಸುವವನು. ಆದರೆ ಆ ಬೆಟ್ಟ ಹತ್ತುವ ಜೈನ ಗೃಹಸ್ಥನು ಮಾತ್ರ ‘ಶ್ರು’ವಿನ ಮನೆಯವನೇ ಸರಿ: ಉಪದೇಶವನ್ನು ಕೇಳುವವನಾದುದರಿಂದ ಅವನು ಶ್ರಾವಕ.