ಕಡಲೇರಿದಾಗ ಅರ್ಜಿ ಯಾರಿಗೆ?

ಕಾಸರಗೋಡಿನ ಕನ್ನಡಿಗರು 1956ರ ನವೆಂಬರ್ 1ನೇ ತಾರೀಕನ್ನು ಮರೆಯುವಂತಿಲ್ಲ. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಇನ್ನೊಂದು ತುಂಡೂ ಕಳಚಿಕೊಂಡಿತೆಂಬುದು ಮಾತ್ರ ಹೆಚ್ಚಿನವರ ನೆನಪಿನಲ್ಲಿಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಅಲ್ಲಿಯ ತನಕ ನಮ್ಮ ಹಾಗೆಯೇ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಅಂದು ಅವು ಕೇಂದ್ರಾಡಳಿತಕ್ಕೆ ಹೋದವು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು. ಈ ದ್ವೀಪಗಳ ಹೆಚ್ಚಿನ ನೆಲ ಸಮುದ್ರಮಟ್ಟದಿಂದ ಒಂದೆರಡು ಮೀಟರು ಮಾತ್ರ ಎತ್ತರದಲ್ಲಿದೆ. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ಕಿರುದ್ವೀಪವೊಂದು ಪೂರ್ತಿಯಾಗಿ ಕರಗಿಹೋದುದನ್ನು 2017ರಲ್ಲಿ ಬೆಳಕಿಗೆ ಬಂದ ಅಧ್ಯಯನ ದಾಖಲಿಸಿದೆ. ಆದ್ದರಿಂದ ನೆಲ ಕಳೆದುಕೊಳ್ಳುವವರು ಯಾರ ಬಾಗಿಲು ತಟ್ಟಬೇಕೆಂಬುದು ನಮಗೆ ದೂರದ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಸುಮಾರು 40 ವರ್ಷಗಳ ಚರಿತ್ರೆಯಿದೆ. 1987ರ ಏಪ್ರಿಲಿನಲ್ಲಿ ಮಾಲ್ದೀವ್ಸಿನ ರಾಜಧಾನಿ ಮಾಲೆಗೆ ದೊಡ್ಡ ಅಲೆಗಳು ನುಗ್ಗಿದವು. ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಗಯೂಮ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿಂತು ತಮ್ಮ ದೇಶದ ಅಳಿವಿನ ಭಯವನ್ನು ತೋಡಿಕೊಂಡರು. 1989ರಲ್ಲಿ ಸಣ್ಣ ರಾಷ್ಟ್ರಗಳು ಮಾಲೆಯಲ್ಲೇ ಸೇರಿ ಘೋಷಣೆ ಹೊರಡಿಸಿದವು. ಮರುವರ್ಷ ದ್ವೀಪರಾಷ್ಟ್ರಗಳ ಒಕ್ಕೂಟ ಹುಟ್ಟಿತು. 2009ರಲ್ಲಿ ಅಧ್ಯಕ್ಷ ನಶೀದರು ಸಮುದ್ರದ ತಳದಲ್ಲಿ ಮಂತ್ರಿಮಂಡಲದ ಸಭೆ ನಡೆಸಿದ್ದನ್ನು ಜಗತ್ತೆಲ್ಲ ಕಂಡಿತು. ಅನುಕಂಪ ಧಾರಾಳವಾಗಿ ದೊರೆಯಿತು. ಹೊಗೆ ಉಗುಳುವ ದೊಡ್ಡ ದೇಶಗಳ ಹೊಗೆ ಮಾತ್ರ ತಗ್ಗಲಿಲ್ಲ.

ವಲಸೆಯ ವಿಷಯದಲ್ಲಿ ತೊಡಕು ಇನ್ನೂ ದೊಡ್ಡದು. 1951ರ ನಿರಾಶ್ರಿತರ ಒಡಂಬಡಿಕೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯಗಳ ಕಾರಣಕ್ಕೆ ಹಿಂಸೆಗೊಳಗಾಗುವವರಿಗೆ ಆಶ್ರಯ ಕೊಡುತ್ತದೆ. ಕಡಲು ಅಟ್ಟಿಸಿಕೊಂಡು ಬಂದವನ ಹೆಸರು ಅದರಲ್ಲಿಲ್ಲ. ಹೀಗಾಗಿ ಕಿರಿಬಾಟಿಯ ಪ್ರಜೆಯೊಬ್ಬರು ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಿ ಸೋತು, 2015ರಲ್ಲಿ ಊರಿಗೆ ಮರಳಬೇಕಾಯಿತು. ಆ ದೇಶದ ಸರಕಾರವಾದರೋ 2014ರಲ್ಲಿ ಫಿಜಿಯಲ್ಲಿ ಭೂಮಿ ಖರೀದಿಸಿತ್ತು. 2023ರಲ್ಲಿ ಟುವಾಲು ದೇಶ ಆಸ್ಟ್ರೇಲಿಯದೊಂದಿಗೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 280 ಮಂದಿಗೆ ಅಲ್ಲಿ ನೆಲಸುವ ದಾರಿ ತೆರೆಸಿತು. ಯಾರು ಹೋಗಬೇಕೆಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ.

ಈ ಚರಿತ್ರೆಯಲ್ಲಿ ಬಹುಮುಖ್ಯವಾದ ಅರ್ಜಿ ಬರೆದವರು ಅಧ್ಯಕ್ಷರಲ್ಲ, ವಿದ್ಯಾರ್ಥಿಗಳು. 2019ರಲ್ಲಿ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ 27 ಮಂದಿ ಪೆಸಿಫಿಕ್ ದ್ವೀಪಗಳ ನಾಯಕರಿಗೆ ಪತ್ರ ಬರೆದರು. ಅವರು ಕರುಣೆ ಬೇಡಲಿಲ್ಲ. ಹವಾಮಾನದ ವಿಷಯದಲ್ಲಿ ರಾಷ್ಟ್ರಗಳಿಗಿರುವ ಕರ್ತವ್ಯವೇನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳಿರಿ ಎಂಬ ಒಂದೇ ಬೇಡಿಕೆ ಅದರಲ್ಲಿತ್ತು. ವನುವಾಟು ಸರಕಾರ ಅದನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚಿನಲ್ಲಿ ಮಹಾಸಭೆ ಒಮ್ಮತದಿಂದ ಒಪ್ಪಿತು. 2025ರ ಜುಲೈ 23ರಂದು ಹೇಗ್‌ನ ನ್ಯಾಯಾಧೀಶರು ಸರ್ವಾನುಮತದ ಅಭಿಪ್ರಾಯ ಕೊಟ್ಟರು: ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆ, ಜೀವಕ್ಕೆ ನಿಜವಾದ ಅಪಾಯವಿರುವಲ್ಲಿಗೆ ಜನರನ್ನು ಹಿಂದಕ್ಕೆ ಅಟ್ಟುವಂತಿಲ್ಲ, ನೆಲ ಮುಳುಗಿದ ಮಾತ್ರಕ್ಕೆ ದೇಶ ಇಲ್ಲವಾಯಿತೆಂದು ತಿಳಿಯಬೇಕಾಗಿಲ್ಲ. ಇದು ಸಲಹಾರೂಪದ ಅಭಿಪ್ರಾಯ, ಜಾರಿಮಾಡಿಸುವ ಕೋಲು ಅದರ ಕೈಯಲ್ಲಿಲ್ಲ. ಆದರೆ ದಯೆಯ ಮಾತು ಹಕ್ಕಿನ ಮಾತಾಗಿ ಬದಲಾದುದು ಸಣ್ಣ ಸಂಗತಿಯಲ್ಲ.

ನಮ್ಮ ಕರಾವಳಿಗೂ ಇದರಲ್ಲೊಂದು ಪಾಠವಿದೆ. ಕಡಲ್ಕೊರೆತಕ್ಕೆ ತಡೆಗೋಡೆ ಕಟ್ಟಿಸಿಕೊಡಿ ಎಂದು ಮಳೆಗಾಲ ಬಂದಾಗಲೆಲ್ಲ ಶಾಸಕರಿಗೆ ಮನವಿ ಕೊಡುತ್ತೇವೆ; ಕಲ್ಲು ಬೀಳುತ್ತದೆ, ಕಡಲು ಪಕ್ಕದ ಊರನ್ನು ಕೊರೆಯುತ್ತದೆ. ಕೇರಳ ಸರಕಾರದ ‘ಪುನರ್ಗೇಹಂ’ ಯೋಜನೆಯಲ್ಲಿ, ದಡದಿಂದ 50 ಮೀಟರಿನೊಳಗಿರುವ ಮೀನುಗಾರ ಕುಟುಂಬ ಸ್ಥಳ ಬಿಟ್ಟರೆ ಭೂಮಿಗೂ ಮನೆಗೂ ಸೇರಿ 10 ಲಕ್ಷ ರೂಪಾಯಿ ನಿಗದಿಯಾಗಿತ್ತು. ದಡವೇ ಅಂಗಳವಾಗಿರುವ ಮನುಷ್ಯನಿಗೆ ಆ ಹಣದಲ್ಲಿ ಎಷ್ಟು ದೂರದಲ್ಲಿ ಮನೆ ಸಿಕ್ಕೀತು? ದೋಣಿಯನ್ನು ಎಲ್ಲಿ ಕಟ್ಟಿಯಾನು? ಬಲೆಯನ್ನು ಎಲ್ಲಿ ಹರಡಿಯಾನು? ಮುಂದಿನ ಮನವಿಯಲ್ಲಿ ಬರೆಯಬೇಕಾದುದು ಈ ಪ್ರಶ್ನೆಗಳನ್ನು. ಅದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು, ಗಡಿಯ ಎರಡೂ ಬದಿಯ ಪ್ರತಿನಿಧಿಗಳಿಗೆ ಒಟ್ಟಿಗೆ ಕೊಡೋಣ. ತಲಪಾಡಿಯ ಆಚೆಗೂ ಈಚೆಗೂ ಕೊರೆಯುವ ಕಡಲು ಒಂದೇ.